ಮಾಜಿ ಯೋಧರೂ ಸ್ಮಾರಕ ವಂದನೆಯೂ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಮಾಜಿ ಯೋಧರ ಸನ್ಮಾನ ಸಭೆಯಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ಇಂದು ನಾನು ವಿಚಾರಕ್ಕೆ ಎತ್ತಿಕೊಂಡಿರುವ ವಿಷಯವು ನೋಡುವುದಕ್ಕೆ ಅತಿ ಚಿಕ್ಕದು. ಸೈನ್ಯದಿಂದ ನಿವೃತ್ತನಾದವನೊಬ್ಬನು ಪಂಚೆ ಅಂಗಿಯಲ್ಲೋ, ಷರಾಯಿ ಕೋಟಿನಲ್ಲೋ, ಮಡಿದವರ ಸ್ಮಾರಕದ ಮುಂದೆ ನಿಂತಾಗ ಕೈಯೆತ್ತಿ ಸೆಲ್ಯೂಟ್ ಮಾಡಬಹುದೇ, ಕೂಡದೇ? ಸೈನ್ಯವನ್ನು ಹತ್ತಿರದಿಂದ ನೋಡದವರಿಗೆ ಇದು ಚರ್ಚಿಸತಕ್ಕ ಪ್ರಶ್ನೆಯೇ ಎಂದು ತೋರಬಹುದು. ಆದರೆ ಇಪ್ಪತ್ತು ಇಪ್ಪತ್ತೈದು ವರ್ಷ ಆ ಶಿಸ್ತಿನಲ್ಲಿ ಬೆಳೆದವರಿಗೆ ಇದು ಚಿಕ್ಕ ಪ್ರಶ್ನೆಯಲ್ಲ. ಅವರ ಬಾಳಿನ ಅರ್ಧಭಾಗವು ಆ ಒಂದು ಕೈಚಲನೆಯಲ್ಲಿ ಅಡಗಿದೆ.

ಈ ಪ್ರಶ್ನೆಯು ನಮ್ಮ ಧರ್ಮಕೇಂದ್ರಕ್ಕೆ ಹೊರಗಿನಿಂದ ಬಂದುದಲ್ಲ. ದೇವಾಲಯದ ಪಕ್ಕದ ಬಾಗಿಲ ಬಳಿ ನಮ್ಮವರ ಹೆಸರು ಕೆತ್ತಿದ ಕಲ್ಲಿನ ಫಲಕವಿರುವುದು ನಿಮಗೆಲ್ಲ ತಿಳಿದಿದೆ. ಕೆಲವು ವರ್ಷಗಳ ಹಿಂದೆ ಸಕಲ ಮೃತರ ದಿನದಂದು ಪ್ರಾರ್ಥನೆ ಮುಗಿದಾಗ, 1971ರ ಯುದ್ಧದಲ್ಲಿ ಸೇವೆ ಸಲ್ಲಿಸಿದ ನಮ್ಮ ಹಿರಿಯರೊಬ್ಬರು ಆ ಕಲ್ಲಿನ ಮುಂದೆ ನಿಂತು ಕೈಯೆತ್ತಿದರು. ಅವರಂತೆಯೇ ಸೇವೆ ಸಲ್ಲಿಸಿದ ಇನ್ನೊಬ್ಬ ಹಿರಿಯರು, ಸಮವಸ್ತ್ರವಿಲ್ಲದೆ, ತಲೆಯ ಮೇಲೆ ಟೋಪಿಯಿಲ್ಲದೆ ಸೆಲ್ಯೂಟ್ ಮಾಡುವುದು ಸೈನ್ಯಕ್ಕೇ ಅಪಮಾನವೆಂದು ಎಲ್ಲರೆದುರು ನುಡಿದರು. ಮೊದಲನೆಯವರು ಕೈಯಿಳಿಸಿದರು, ಅಂದಿನಿಂದ ಆ ಫಲಕದ ಬಳಿಗೆ ಬಂದಿಲ್ಲ. ಇಬ್ಬರೂ ಸತ್ಪುರುಷರು, ಇಬ್ಬರೂ ಪ್ರತಿ ಭಾನುವಾರ ಪರಮಪ್ರಸಾದ ಸ್ವೀಕರಿಸುವವರು, ಇಬ್ಬರೂ ಅದೇ ಮಡಿದವರನ್ನು ಗೌರವಿಸುವವರು. ಮಡಿದವರ ಹೆಸರಿನಲ್ಲಿ ಬದುಕಿರುವವರು ದೂರವಾಗುವುದು ಸರಿಯಲ್ಲ. ಆದುದರಿಂದ ಈ ವಿಷಯವನ್ನು ಭಾವಾವೇಶವಿಲ್ಲದೆ, ತಿಳಿದಿರುವ ಸಂಗತಿಗಳ ಆಧಾರದ ಮೇಲೆ ಪರಿಶೀಲಿಸೋಣ.

ಮೊದಲನೆಯದಾಗಿ, ಸೆಲ್ಯೂಟ್ ಎಲ್ಲಿಂದ ಬಂತು? ಮಧ್ಯಯುಗದ ಯುರೋಪಿನ ವೀರರು ಪರಸ್ಪರ ಎದುರಾದಾಗ ಶಿರಸ್ತ್ರಾಣದ ಮುಖಪಟವನ್ನು ಬಲಗೈಯಿಂದ ಮೇಲೆತ್ತಿ ಮುಖ ತೋರಿಸುತ್ತಿದ್ದರೆಂದೂ, ಅದರಿಂದಲೇ ಈ ಪದ್ಧತಿ ಹುಟ್ಟಿತೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಸೊಗಸಾಗಿದೆ, ದಾಖಲೆಯ ಬಲ ಅದಕ್ಕಿಲ್ಲ. ದಾಖಲೆಯಿರುವುದು ಹದಿನೆಂಟನೆಯ ಶತಮಾನದ್ದು. ಆಗ ಬ್ರಿಟಿಷ್ ಸೈನಿಕನು ಅಧಿಕಾರಿಯ ಮುಂದೆ ಟೋಪಿಯನ್ನು ಪೂರ್ತಿಯಾಗಿ ತೆಗೆದು ವಂದಿಸಬೇಕಾಗಿತ್ತು. 1745ರಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್ ಪಡೆಯವರಿಗೆ, ಟೋಪಿ ತೆಗೆಯಬೇಡಿರಿ, ಕೈಯನ್ನು ಟೋಪಿಗೆ ತಾಗಿಸಿ ತಲೆಬಾಗಿದರೆ ಸಾಕು ಎಂಬ ಅರ್ಥದ ಆದೇಶ ಹೊರಟಿತು. ಪದೇ ಪದೇ ತೆಗೆದು ಹಾಕಿದರೆ ಟೋಪಿಯ ಅಂಚಿನ ಕುಸುರಿ ಕೆಡುತ್ತದೆ ಎಂಬುದು ಆ ಕಾಲದ ಇಂಥ ಆದೇಶಗಳ ಹಿಂದಿನ ಕಾರಣಗಳಲ್ಲಿ ಒಂದು. ಹೀಗೆ ಟೋಪಿ ತೆಗೆಯುವ ಕ್ರಿಯೆಯು ಕುಗ್ಗಿ ಕುಗ್ಗಿ ಟೋಪಿಯ ಕಡೆಗೆ ಕೈ ಒಯ್ಯುವ ಸಂಕೇತವಾಗಿ ಉಳಿಯಿತು.

ಇದನ್ನು ತಿಳಿದರೆ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ಬ್ರಿಟಿಷ್ ಸಂಪ್ರದಾಯದಲ್ಲಿ, ಅದರಿಂದ ಬೆಳೆದ ನಮ್ಮ ಭಾರತೀಯ ಸೇನೆಯ ಸಂಪ್ರದಾಯದಲ್ಲಿಯೂ, ತಲೆಯುಡುಗೆಯಿಲ್ಲದವನು ಕೈಯೆತ್ತುವುದಿಲ್ಲ. ನೆಟ್ಟಗೆ ನಿಂತು, ಬಾಯಿಮಾತಿನಿಂದ ಗೌರವ ಸೂಚಿಸುತ್ತಾನೆ. ಕೈ ಹೋಗಬೇಕಾದ ಟೋಪಿಯೇ ಇಲ್ಲದಿರುವಾಗ ಕೈ ಹೋಗುವುದೆಲ್ಲಿಗೆ? ನಮ್ಮ ಎರಡನೆಯ ಹಿರಿಯರು ಹೇಳಿದ ಮಾತಿಗೆ ಈ ಚರಿತ್ರೆಯ ಆಧಾರವಿದೆ. ಅವರು ಗರ್ವದಿಂದ ಹಾಗೆ ನುಡಿಯಲಿಲ್ಲ. ತಮಗೆ ಕಲಿಸಿದ್ದನ್ನು ನುಡಿದರು.

ಆದರೆ ಸಂಕೇತಗಳು ಕಲ್ಲಿನಲ್ಲಿ ಕೊರೆದವಲ್ಲ. ನಮ್ಮ ದೇಶದಲ್ಲಿಯೇ ಭೂಸೇನೆಯವರು ಅಂಗೈಯನ್ನು ಎದುರಿಗೆ ತೋರಿಸಿ ವಂದಿಸುವರು. ನೌಕಾಸೇನೆಯವರು ಅಂಗೈಯನ್ನು ನೆಲದ ಕಡೆಗೆ ತಿರುಗಿಸುವರು. ವಾಯುಸೇನೆಯವರು 2006ರಲ್ಲಿ ತಮ್ಮ ಪದ್ಧತಿಯನ್ನು ಬದಲಿಸಿಕೊಂಡು ಇವೆರಡರ ನಡುವಿನ 45 ಡಿಗ್ರಿಯ ಕೋನವನ್ನು ಆರಿಸಿಕೊಂಡರು. ಒಂದೇ ದೇಶದ ಮೂರು ಸೇನೆಗಳ ಕೈ ಮೂರು ಬಗೆಯಾಗಿದ್ದರೂ ಗೌರವವು ಒಂದೇ ಆಗಿದೆ.

ಈಗ ಬೇರೆ ದೇಶಗಳನ್ನು ನೋಡೋಣ. ಲಂಡನ್ನಿನ ವೈಟ್‌ಹಾಲ್ ಬೀದಿಯಲ್ಲಿ ಸೆನೊಟಾಫ್ ಎಂಬ ಶಿಲಾಸ್ಮಾರಕವಿದೆ. ಶಿಲ್ಪಿ ಎಡ್ವಿನ್ ಲಟ್ಯನ್ಸ್. 1920ರ ನವೆಂಬರ್ 11ರಂದು ಅದು ಅನಾವರಣಗೊಂಡಿತು. ಪ್ರತಿ ನವೆಂಬರಿನಲ್ಲಿ ಸಾವಿರಾರು ಮಂದಿ ಮಾಜಿ ಯೋಧರು ಸಾಮಾನ್ಯ ಉಡುಪಿನಲ್ಲಿ, ಎದೆಯ ಮೇಲೆ ಪದಕಗಳನ್ನು ಧರಿಸಿ, ಅದರ ಮುಂದೆ ಸಾಲಾಗಿ ನಡೆದುಹೋಗುತ್ತಾರೆ. ಅವರು ಕೈಯೆತ್ತುವ ಪದ್ಧತಿಯಿಲ್ಲ. ಆಜ್ಞೆ ಬಂದೊಡನೆ ಎಲ್ಲರ ಮುಖವೂ ಸ್ಮಾರಕದ ಕಡೆಗೆ ತಿರುಗುತ್ತದೆ. ಹಲವರು ಟೋಪಿ ತೆಗೆಯುತ್ತಾರೆ. ಆ ಸ್ಮಾರಕವು ಹೊಸದಾಗಿದ್ದ ವರ್ಷಗಳಲ್ಲಿ ಬಸ್ಸಿನಲ್ಲಿ ಹೋಗುವ ಸಾಮಾನ್ಯ ಜನರೂ ಅದನ್ನು ದಾಟುವಾಗ ಟೋಪಿ ತೆಗೆಯುತ್ತಿದ್ದರು. ಹಳೆಯ ಪೂರ್ಣರೂಪದ ವಂದನೆಯೇ ಅಲ್ಲಿ ಮರಳಿ ಬಂದಿತೆನ್ನಬಹುದು.

ಅಮೆರಿಕದವರು ಬೇರೆ ದಾರಿ ಹಿಡಿದರು. ಅಲ್ಲಿ ಬಹುಕಾಲ ಸಮವಸ್ತ್ರದಲ್ಲಿಲ್ಲದವರು, ಮಾಜಿ ಯೋಧರೂ ಸಹ, ಧ್ವಜದ ಮುಂದೆ ಬಲಗೈಯನ್ನು ಎದೆಯ ಮೇಲಿಟ್ಟು ನಿಲ್ಲಬೇಕೆಂದು ನಿಯಮವಿತ್ತು. ಓಕ್ಲಹೋಮಾ ರಾಜ್ಯದ ಸೆನೆಟ್ ಸದಸ್ಯ ಜೇಮ್ಸ್ ಇನ್‌ಹೋಫ್ ಅವರ ಪ್ರಯತ್ನದಿಂದ 2008ರ ಜನವರಿಯಲ್ಲಿ ಕಾನೂನು ತಿದ್ದುಪಡಿಯಾಯಿತು. ಧ್ವಜವನ್ನು ಏರಿಸುವಾಗ, ಇಳಿಸುವಾಗ, ಅದು ಮುಂದೆ ಸಾಗುವಾಗ ಸಮವಸ್ತ್ರವಿಲ್ಲದ ಸೈನಿಕರೂ ಮಾಜಿ ಯೋಧರೂ ಸೈನಿಕ ವಂದನೆ ಸಲ್ಲಿಸಬಹುದೆಂದಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ರಾಷ್ಟ್ರಗೀತೆಗೂ ಈ ಅನುಮತಿ ವಿಸ್ತರಿಸಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಕಾನೂನು ಸಲ್ಲಿಸಬಹುದು ಎಂದಿತೇ ಹೊರತು ಸಲ್ಲಿಸಲೇಬೇಕು ಎನ್ನಲಿಲ್ಲ. ಎರಡು, ಅದು ಧ್ವಜದ ಮತ್ತು ರಾಷ್ಟ್ರಗೀತೆಯ ವಿಷಯ. ಸ್ಮಾರಕದ ಕಲ್ಲಿನ ವಿಷಯವನ್ನು ಅದು ಎತ್ತಲಿಲ್ಲ. ಕಲ್ಲಿನ ಮುಂದೆ ಏನು ಮಾಡಬೇಕೆಂಬುದು ಅಲ್ಲಿಯೂ ರೂಢಿಗೆ, ಮನಸ್ಸಾಕ್ಷಿಗೆ ಬಿಟ್ಟ ಮಾತು.

ನಮ್ಮ ದೇಶದ ಸ್ಥಿತಿಯೇನು? 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆಯ ಪ್ರಕಾರ, ಧ್ವಜವನ್ನು ಏರಿಸುವಾಗ ಇಳಿಸುವಾಗ ಅಥವಾ ಪಥಸಂಚಲನದಲ್ಲಿ ಅದು ಸಾಗುವಾಗ ಅಲ್ಲಿರುವ ಎಲ್ಲರೂ ಧ್ವಜಕ್ಕೆ ಅಭಿಮುಖವಾಗಿ ನೆಟ್ಟಗೆ ನಿಲ್ಲಬೇಕು; ಸಮವಸ್ತ್ರದಲ್ಲಿರುವವರು ತಕ್ಕ ರೀತಿಯಲ್ಲಿ ಸೆಲ್ಯೂಟ್ ಸಲ್ಲಿಸಬೇಕು. ಮಡಿದವರ ಸ್ಮಾರಕದ ಮುಂದೆ ಮಾಜಿ ಯೋಧನ ಕೈ ಎಲ್ಲಿರಬೇಕೆಂಬುದನ್ನು ಆ ಸಂಹಿತೆಯು ಹೇಳುವುದಿಲ್ಲ. ಸೈನಿಕನ ಉಡುಪನ್ನು ಧರಿಸಿ ಜನರನ್ನು ವಂಚಿಸುವುದು ಹಿಂದಿನ ದಂಡ ಸಂಹಿತೆಯಲ್ಲಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಪರಾಧವೇ. ಆದರೆ ಅದು ಉಡುಪಿನ ಕಪಟಕ್ಕೆ ಸಂಬಂಧಿಸಿದ್ದು. ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿದವನೊಬ್ಬನು ಎತ್ತಿದ ಕೈಗಲ್ಲ.

ಹಾಗಾದರೆ ಕಾನೂನು ಮೌನವಾಗಿರುವ ಕಡೆ ನಾವು ಯಾವುದನ್ನು ಆಧರಿಸಬೇಕು? ಆ ವಂದನೆಯ ಅರ್ಥವನ್ನೇ ಆಧರಿಸಬೇಕು.

ಸೈನ್ಯದೊಳಗಿನ ಸೆಲ್ಯೂಟ್ ಒಂದು ವಿನಿಮಯ. ಕಿರಿಯನು ಮೊದಲು ಕೈಯೆತ್ತುವನು. ಹಿರಿಯನು ಅದನ್ನು ಮರಳಿಸುವನು. ಕಿರಿಯನು ವಂದಿಸುವುದು ಆ ವ್ಯಕ್ತಿಯನ್ನಲ್ಲ, ರಾಷ್ಟ್ರವು ಆತನಿಗೆ ವಹಿಸಿರುವ ಅಧಿಕಾರವನ್ನು. ಯಾರು ಕಿರಿಯ, ಯಾರು ಹಿರಿಯ ಎಂದು ತಿಳಿಯಬೇಕಾದರೆ ಭುಜದ ಮೇಲಿನ ಚಿಹ್ನೆ ಕಾಣಬೇಕು. ಆದುದರಿಂದ ಸಮವಸ್ತ್ರವು ಅಲ್ಲಿ ಬರಿಯ ಅಲಂಕಾರವಲ್ಲ. ಆ ಸಂಭಾಷಣೆಯ ಭಾಷೆಯೇ ಅದು. ಸಮವಸ್ತ್ರವಿಲ್ಲದೆ ಸೆಲ್ಯೂಟಿಲ್ಲ ಎಂಬ ನಿಯಮದ ಬೇರು ಇಲ್ಲಿದೆ.

ಆದರೆ ಸ್ಮಾರಕದ ಮುಂದೆ ಈ ವಿನಿಮಯ ನಡೆಯುವುದಿಲ್ಲ. ಮಡಿದವನು ಕೈ ಮರಳಿಸಲಾರನು. ಮೇಲಾಗಿ, ಅಲ್ಲಿ ಪದವಿಯ ಭೇದವೂ ಇಲ್ಲ. ಒಂದನೆಯ ಮಹಾಯುದ್ಧದ ನಡುವೆ, 1917ರಲ್ಲಿ, ಯುದ್ಧಸಮಾಧಿಗಳ ರಕ್ಷಣೆಗಾಗಿ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಒಂದು ಆಯೋಗವು ಸ್ಥಾಪನೆಯಾಯಿತು. ಸೇನಾಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಅಳತೆಯ, ಒಂದೇ ಆಕಾರದ ಕಲ್ಲು ಎಂಬುದನ್ನು ಅದು ತತ್ತ್ವವಾಗಿ ಅಂಗೀಕರಿಸಿತು. ಶ್ರೀಮಂತ ಮನೆತನಗಳ ವಿರೋಧವಿದ್ದರೂ ಆ ತತ್ತ್ವವನ್ನು ಬಿಡಲಿಲ್ಲ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗಚಕ್ರದ ಗೋಡೆಗಳ ಮೇಲೆ 25,000ಕ್ಕೂ ಹೆಚ್ಚು ಹೆಸರುಗಳಿವೆ. ಅಲ್ಲಿಯೂ ಪ್ರತಿಯೊಬ್ಬನಿಗೂ ಒಂದೇ ಬಗೆಯ ಕಲ್ಲು. ಸಾವು ಪದವಿಯನ್ನು ಅಳಿಸಿದ ಸ್ಥಳದಲ್ಲಿ ಪದವಿಯನ್ನು ಗುರುತಿಸಲೆಂದೇ ಇರುವ ನಿಯಮವು ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಅಲ್ಲಿ ಎತ್ತಿದ ಕೈ ಅಧಿಕಾರಕ್ಕೆ ಒಪ್ಪಿಸಿದ ಕಾಣಿಕೆಯಲ್ಲ. ಜೊತೆಗಾರನಿಗೆ ಸಲ್ಲಿಸಿದ ನೆನಪು.

ನನ್ನ ವೃತ್ತಿಯಿಂದಲೇ ಒಂದು ಹೋಲಿಕೆ ಕೊಡಲು ಅನುಮತಿಯಿರಲಿ. ಯಾಜಕನು ಪೂಜಾವಸ್ತ್ರ ಧರಿಸದೆ ಬಲಿಪೀಠದ ಮುಂದೆ ನಿಂತು ಪೂಜೆ ಅರ್ಪಿಸುವಂತಿಲ್ಲ. ಅಲ್ಲಿ ಅವನು ತನ್ನ ಹೆಸರಿನಲ್ಲಿ ನಿಂತಿರುವುದಿಲ್ಲ, ಧರ್ಮಸಭೆಯ ಹೆಸರಿನಲ್ಲಿ ನಿಂತಿರುತ್ತಾನೆ. ಆದರೆ ರಸ್ತೆಯ ಬದಿಯಲ್ಲಿ ಅಪಘಾತಕ್ಕೆ ಸಿಕ್ಕಿ ಸಾಯುತ್ತಿರುವವನನ್ನು ಕಂಡಾಗ, ಪೂಜಾವಸ್ತ್ರವಿಲ್ಲವೆಂದು ಆ ಯಾಜಕನು ಆಶೀರ್ವಾದದ ಕೈಯನ್ನು ಹಿಂದಕ್ಕೆಳೆದುಕೊಳ್ಳುವನೇ? ವಸ್ತ್ರವನ್ನು ಬಯಸುವ ಕರ್ಮಗಳುಂಟು, ಮನುಷ್ಯನನ್ನು ಮಾತ್ರ ಬಯಸುವ ಕರ್ಮಗಳೂ ಉಂಟು. ಮೊದಲನೆಯದರ ಗಾಂಭೀರ್ಯವನ್ನು ಕಾಪಾಡುವವನು ತಪ್ಪಿತಸ್ಥನಲ್ಲ. ಎರಡನೆಯದನ್ನು ಮಾಡುವವನೂ ತಪ್ಪಿತಸ್ಥನಲ್ಲ.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕು. ನಿವೃತ್ತರೆಲ್ಲರೂ ತಮಗೆ ತೋರಿದಂತೆ ಕೈಯೆತ್ತತೊಡಗಿದರೆ, ಸೈನ್ಯದಲ್ಲಿ ಒಂದು ದಿನವೂ ದುಡಿಯದವರು ಅದನ್ನು ಅನುಕರಿಸುವರು. ಛಾಯಾಚಿತ್ರಕ್ಕಾಗಿ ಕೈಯೆತ್ತುವವರು ಹೆಚ್ಚುವರು. ಕೊನೆಗೆ ಆ ವಂದನೆಗೆ ಬೆಲೆಯೇ ಉಳಿಯದು ಎಂದು ಅವರು ಹೇಳುವರು. ಈ ಭಯ ನಿರಾಧಾರವಲ್ಲ. ಅಮೆರಿಕದಲ್ಲಿ 1981ರಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ಸಾಮಾನ್ಯ ಉಡುಪಿನಲ್ಲಿಯೇ ಸೈನಿಕರ ಸೆಲ್ಯೂಟನ್ನು ಮರಳಿಸತೊಡಗಿದರು. ಆ ಮೇಲೆ ಬಂದ ಅಧ್ಯಕ್ಷರಿಗೂ ಅದು ರೂಢಿಯಾಯಿತು. ಅದು ಸರಿಯೋ ತಪ್ಪೋ ಎಂಬ ವಾದವೂ ಜೊತೆಗೇ ಬೆಳೆಯಿತು. ಒಂದು ಸಂಕೇತವು ಹಗುರವಾಗಲು ಬಹಳ ಕಾಲ ಬೇಕಾಗಿಲ್ಲ. ಆದುದರಿಂದ ಶಿಸ್ತನ್ನು ಎತ್ತಿಹಿಡಿಯುವವರನ್ನು ಹಳೆಯ ಕಾಲದವರೆಂದು ನಾವು ನಗಬಾರದು. ಅವರು ಕಾಯುತ್ತಿರುವುದು ನಮ್ಮೆಲ್ಲರ ಆಸ್ತಿಯನ್ನು.

ಆದರೂ ಬೆಲ್ಜಿಯಂ ದೇಶದ ಒಂದು ಉದಾಹರಣೆಯು ನನ್ನ ಮನಸ್ಸನ್ನು ತಟ್ಟಿದೆ. ಈಪ್ರ್ ಪಟ್ಟಣದ ಮೆನಿನ್ ದ್ವಾರದಲ್ಲಿ ಒಂದನೆಯ ಮಹಾಯುದ್ಧದಲ್ಲಿ ಮಡಿದು ಸಮಾಧಿಯೂ ಸಿಗದ 54,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಭಾರತೀಯ ಸೈನಿಕರ ಹೆಸರುಗಳೂ ಅವುಗಳಲ್ಲಿ ಸೇರಿವೆ. 1928ರಲ್ಲಿ ಆರಂಭವಾದ ಪದ್ಧತಿಯಂತೆ ಅಲ್ಲಿ ರಾತ್ರಿ 8 ಗಂಟೆಗೆ ಕಹಳೆಯಲ್ಲಿ ಅಂತಿಮ ವಂದನೆಯನ್ನು ನುಡಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆ ಊರನ್ನು ಆಕ್ರಮಿಸಿದ್ದ ವರ್ಷಗಳಲ್ಲಿ ಮಾತ್ರ ಅದು ಅಲ್ಲಿ ನಿಂತಿತ್ತು. ಕಹಳೆ ಊದುವವರು ಯಾರು? ಸೈನಿಕರಲ್ಲ, ಆ ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕರು. ಹಗಲೆಲ್ಲ ತಮ್ಮ ತಮ್ಮ ಕಸುಬು ಮಾಡಿಕೊಂಡಿದ್ದು ಸಂಜೆ ಅಲ್ಲಿಗೆ ಬಂದು ನಿಲ್ಲುವವರು. ಸುತ್ತ ನೆರೆದ ಜನರು ಮೌನವಾಗಿರುತ್ತಾರೆ. ಅಂಥ ನೆನಪು ಇಷ್ಟು ಕಾಲ ಬಾಳಿದ್ದು ನಿತ್ಯವೂ ತಪ್ಪದೆ ಬಂದವರ ನಿಷ್ಠೆಯಿಂದ. ಯಾರ ಕೈ ಎಲ್ಲಿತ್ತೆಂಬ ಲೆಕ್ಕದಿಂದಲ್ಲ.

ನಮ್ಮ ಕನ್ನಡ ನಾಡಿಗೂ ಇಂಥ ಸ್ಮೃತಿಗಳು ಹೊರಗಿನವಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ದಳವೂ ಇತ್ತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಕಂಚಿನ ಯೋಧರಲ್ಲಿ ಒಬ್ಬನು ಮೈಸೂರನ್ನು ಪ್ರತಿನಿಧಿಸುತ್ತಾನೆ. ಬೆಂಗಳೂರಿನ ದಂಡು ಪ್ರದೇಶದ ಸಂತ ಪ್ಯಾಟ್ರಿಕರ ದೇವಾಲಯವು ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷ್ ಕಥೋಲಿಕ ಸೈನಿಕರ ಸಲುವಾಗಿ ತಲೆಯೆತ್ತಿದ್ದು. ದೇವಾಲಯವೂ ದಂಡೂ ನಮ್ಮಲ್ಲಿ ಬಹುಕಾಲದಿಂದ ನೆರೆಹೊರೆಯವು.

ಇಷ್ಟೆಲ್ಲವನ್ನು ವಿಚಾರಿಸಿದ ಮೇಲೆ, ನಮ್ಮ ಧರ್ಮಕೇಂದ್ರದ ಸ್ಮಾರಕ ಫಲಕದ ಮುಂದೆ ನಾವು ಅನುಸರಿಸಬಹುದಾದ ಕ್ರಮವನ್ನು ಸೂಚಿಸುತ್ತೇನೆ. ಇದು ಆಜ್ಞೆಯಲ್ಲ, ಗುರುವಿನ ಸಲಹೆ.

ರಾಷ್ಟ್ರಧ್ವಜವಿರುವಾಗ ಧ್ವಜ ಸಂಹಿತೆಯೇ ನಮಗೆ ಪ್ರಮಾಣ. ಎಲ್ಲರೂ ಧ್ವಜದ ಕಡೆಗೆ ಮುಖಮಾಡಿ ನೆಟ್ಟಗೆ ನಿಲ್ಲಲಿ. ಸಮವಸ್ತ್ರದಲ್ಲಿರುವವರು ಸೆಲ್ಯೂಟ್ ಸಲ್ಲಿಸಲಿ.

ಸ್ಮಾರಕ ಫಲಕದ ಮುಂದೆ ಎಲ್ಲರಿಗೂ ಸಮಾನವಾದ ವಂದನೆಯೆಂದರೆ ನೆಟ್ಟಗೆ ನಿಂತು, ತಲೆಬಾಗಿ, ಮೌನವಾಗಿ ಪ್ರಾರ್ಥಿಸುವುದು. ಇದಕ್ಕೆ ಯಾವ ಅರ್ಹತೆಯೂ ಬೇಕಿಲ್ಲ. ಮಾಜಿ ಯೋಧರಲ್ಲಿ ಯಾರಿಗೆ ತಮ್ಮ ದಳದ ಟೋಪಿಯೂ ಪದಕಗಳೂ ಇವೆಯೋ ಅವರು ಅವನ್ನು ಧರಿಸಿ ಬಂದರೆ ಹಳೆಯ ಸಂಪ್ರದಾಯಕ್ಕೂ ಮನಸ್ಸಿನ ಬಯಕೆಗೂ ಹೊಂದಿಕೆಯಾಗುತ್ತದೆ. ಅವಿಲ್ಲದ ಮಾಜಿ ಯೋಧರೊಬ್ಬರು ಬರಿದಲೆಯಲ್ಲಿಯೇ ಕೈಯೆತ್ತಿದರೆ ಅದನ್ನು ಯಾರೂ ಆಕ್ಷೇಪಿಸಬಾರದು. ಕೈಯೆತ್ತದೆ ನಿಂತವರನ್ನೂ ಯಾರೂ ಆಕ್ಷೇಪಿಸಬಾರದು. ಸ್ಮಾರಕದ ಮುಂದೆ ಒಬ್ಬರು ಇನ್ನೊಬ್ಬರನ್ನು ತಿದ್ದುವುದು ಬೇಡ. ತಿದ್ದಬೇಕೆನಿಸಿದರೆ ಮರುದಿನ ಮನೆಗೆ ಹೋಗಿ, ಕಾಫಿ ಕುಡಿಯುತ್ತ ಮಾತನಾಡಬಹುದು.

ಸೈನ್ಯದಲ್ಲಿ ಸೇವೆ ಸಲ್ಲಿಸದ ನಮ್ಮಂಥವರು ಸೈನಿಕ ವಂದನೆಯನ್ನು ಅನುಕರಿಸದಿರುವುದೇ ಲೇಸು. ನಮಗೆ ನಮ್ಮ ನಾಡು ಕಲಿಸಿದ ಕೈಜೋಡಣೆಯಿದೆ. ಧರ್ಮಸಭೆ ಕಲಿಸಿದ ಶಿಲುಬೆಯ ಗುರುತಿದೆ. ಅವು ಕಡಿಮೆಯವೇನಲ್ಲ. ಅಂತೆಯೇ ಚಪ್ಪಾಳೆ ಬೇಡ, ಮೌನದ ವೇಳೆಯಲ್ಲಿ ಛಾಯಾಚಿತ್ರ ಬೇಡ.

ಕೊನೆಯದಾಗಿ, ಈ ಚರ್ಚೆಯಲ್ಲಿ ನಾವೆಲ್ಲರೂ ಮರೆತಿರುವ ಒಬ್ಬರಿದ್ದಾರೆ. ಯಾರ ಕೈ ಎಲ್ಲಿರಬೇಕೆಂದು ಗಂಡಸರು ವಾದಿಸುತ್ತಿದ್ದಾಗ, ಆ ಫಲಕದಲ್ಲಿ ಹೆಸರಿರುವವರ ಹೆಂಡತಿ, ತಾಯಿ, ತಂಗಿಯರು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಅವರಿಗೆ ಸಮವಸ್ತ್ರವೂ ಇರಲಿಲ್ಲ, ಸೆಲ್ಯೂಟೂ ಇಲ್ಲ. ಪಿಂಚಣಿಯ ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು, ಮಕ್ಕಳನ್ನು ಓದಿಸಿ, ಪ್ರತಿ ವರ್ಷ ಆತನ ಹೆಸರಿನಲ್ಲಿ ಪೂಜೆ ಹೇಳಿಸಿದವರು ಅವರು. ಇನ್ನು ಮುಂದೆ ಸಕಲ ಮೃತರ ದಿನದಂದು ಮೊದಲ ಹೂವನ್ನು ಅವರೇ ಇಡಲಿ. ಮಾಜಿ ಯೋಧರು ಅವರ ಹಿಂದೆ ಸಾಲಾಗಿ ನಿಲ್ಲಲಿ. ಆ ಮಹಿಳೆಯರಿಗೆ ದಾರಿ ಬಿಟ್ಟು ನಿಲ್ಲುವುದು ಯಾವ ನಿಯಮಾವಳಿಯಲ್ಲಿಯೂ ಬರೆದಿಲ್ಲದ ಒಂದು ಸೆಲ್ಯೂಟೆಂದು ನಾನು ತಿಳಿಯುತ್ತೇನೆ.

ಒಂದನೆಯ ಮಹಾಯುದ್ಧದ ಕದನವಿರಾಮವು 1918ರ ನವೆಂಬರ್ 11ರಂದು ಜಾರಿಗೆ ಬಂದಿತು. ಅಂದು ಟೂರ್ ಪಟ್ಟಣದ ಸಂತ ಮಾರ್ಟಿನರ ಹಬ್ಬ. ನಾಲ್ಕನೆಯ ಶತಮಾನದ ಆ ರೋಮನ್ ಸೈನಿಕನು ಅಮಿಯಾಂ ಪಟ್ಟಣದ ಬಾಗಿಲಲ್ಲಿ ಚಳಿಯಿಂದ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಸೈನಿಕ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧವನ್ನು ಹೊದಿಸಿದನೆಂಬುದನ್ನು ನೀವು ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದೀರಿ. ಉಳಿದ ಅರ್ಧವನ್ನು ಕಾಯುವ ಗುರುಗಳಿಗೆ ಬಂದ ಹೆಸರಿನಿಂದಲೇ ಚಾಪ್ಲಿನ್ ಎಂಬ ಪದ ಹುಟ್ಟಿತು. ಸೈನ್ಯದಲ್ಲಿ ಸೇವೆ ಸಲ್ಲಿಸುವ ಗುರುಗಳನ್ನು ಇಂದಿಗೂ ಹಾಗೆಯೇ ಕರೆಯುತ್ತಾರೆ. ಮಾರ್ಟಿನನು ತನ್ನ ಸಮವಸ್ತ್ರವನ್ನು ಹಗುರವಾಗಿ ಕಾಣಲಿಲ್ಲ. ಅದು ಯಾರಿಗೆ ಬೇಕಾಗಿತ್ತೆಂಬುದನ್ನು ಕಂಡನು.

ಇಂದಿನ ಸನ್ಮಾನಿತರಲ್ಲಿ ನನ್ನದೊಂದು ವಿನಂತಿ. ಬರುವ ನವೆಂಬರ್ 2ರಂದು ಸಂಜೆಯ ಪೂಜೆಯಾದ ಮೇಲೆ ನೀವೆಲ್ಲರೂ, ಈ ಕೆಲವು ವರ್ಷಗಳಿಂದ ಬಾರದಿರುವವರೂ ಸೇರಿ, ಫಲಕದ ಬಳಿಗೆ ಬರಬೇಕು. ಕೈಯೆತ್ತುವವರು ಎತ್ತಲಿ, ತಲೆಬಾಗುವವರು ಬಾಗಲಿ. ನೀವು ಬರದಿದ್ದರೆ ಆ ಹೆಸರುಗಳನ್ನು ಗುರುತು ಹಿಡಿದು ಓದುವವರು ನಮ್ಮಲ್ಲಿ ಇನ್ನು ಬಹಳ ಮಂದಿ ಉಳಿದಿಲ್ಲ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆತನ್ನಿರಿ. ಒಂದೊಂದು ಹೆಸರನ್ನು ಅವರಿಂದಲೇ ಗಟ್ಟಿಯಾಗಿ ಓದಿಸೋಣ.

ಮಡಿದವರಿಗೆ ನಿತ್ಯಶಾಂತಿಯೂ, ಬದುಕಿರುವ ನಮಗೆ ಪರಸ್ಪರ ಗೌರವವೂ ದೇವರ ಕೃಪೆಯಿಂದ ದೊರಕಲಿ.